ದುರ್ಯೋಧನನ ಎದೆ, ದ್ರೌಪದಿಯ ಹೆಸರು

ಹನುಮಸಾಗರದ ಕಡೆ ಬಯಲಾಟಕ್ಕೆ ಪಾತ್ರ ಹಂಚುವಾಗ ಮೊದಲು ಮೈಕಟ್ಟು ನೋಡುತ್ತಿದ್ದರು, ಆಮೇಲೆ ಕಿಸೆ. ಎದೆ ಅಗಲ, ದನಿ ದೊಡ್ಡದು ಇದ್ದವನು ದುರ್ಯೋಧನ. ಮೀಸೆ ಮೂಡದ ತೆಳ್ಳನೆಯ ಹುಡುಗ ದ್ರೌಪದಿ. ಆದರೆ ಡ್ರೆಸ್ಸಿನ ಬಾಡಿಗೆಗೆ, ಮಾಸ್ತರರ ಸಂಬಳಕ್ಕೆ ಪಟ್ಟಿ ಎತ್ತುವಾಗ ಹೆಚ್ಚು ರೊಕ್ಕ ಇಟ್ಟವನು ಸಣಕಲನಾದರೂ ದುರ್ಯೋಧನನಾಗುತ್ತಿದ್ದ. ಉಳಿದ ಕೆಲಸ ಭುಜಕೀರ್ತಿಯದು.

ಹಗುರ ಕಟ್ಟಿಗೆಯ ಕಿರೀಟ, ಹೆಗಲು ಇಮ್ಮಡಿಸುವ ಭುಜಕೀರ್ತಿ, ಎದೆಯ ಮೇಲೆ ಕನ್ನಡಿ ಚೂರುಗಳು: ಎಲ್ಲವೂ ಗ್ಯಾಸ್ ಬತ್ತಿಯ ಬೆಳಕಿನಲ್ಲಿ ಕಟ್ಟಕಡೆಗೆ ಕೂತವನಿಗೂ ಅರಸ ಯಾರೆಂದು ತಿಳಿಯಲಿ ಎಂದು. ಹತ್ತಿರ ಹೋದರೆ ಆ ಮುಖ ನೋಡುವಂತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಕಾಡಿಗೆಯ ಮೀಸೆ ಬೆವರಿನೊಡನೆ ಗದ್ದಕ್ಕೆ ಇಳಿದಿರುತ್ತಿತ್ತು. ದ್ರೌಪದಿಯ ಸೀರೆಗೆ ಮಾತ್ರ ಬಾಡಿಗೆ ಇಲ್ಲ. ಇಳಕಲ್ ಪಕ್ಕದಲ್ಲೇ ಇತ್ತು, ಯಾವುದಾದರೂ ಮನೆಯ ಟ್ರಂಕಿನಿಂದ ಬರುತ್ತಿತ್ತು.

ತೊಗಲು ಗೊಂಬೆಯವರದು ಇನ್ನೂ ನೇರ ಲೆಕ್ಕ. ಅರಸನ ಗೊಂಬೆ ದೊಡ್ಡದು, ಆಳಿನದು ಸಣ್ಣದು, ಅಳತೆಯೇ ಅಂತಸ್ತು. ನಗಿಸುವ ಗೊಂಬೆ ಕಿಳ್ಳೇಕ್ಯಾತನಿಗೆ ಡೊಳ್ಳು ಹೊಟ್ಟೆ, ದಪ್ಪ ತುಟಿ. ಚೆಲುವಿಲ್ಲದ್ದಕ್ಕೇ ಅವನಿಗೆ ಬಾಯಿಗೆ ಬಂದದ್ದು ಮಾತಾಡುವ ಪರವಾನಗಿ ಎಂದು ನನ್ನ ಗುಮಾನಿ. ನಮ್ಮ ಜಿಲ್ಲೆಯದೇ ಮೋರನಾಳದ ಗೊಂಬೆಯಾಟಗಾರ್ತಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದವನು ಅಕ್ಕನ ಮಗ. ಸುದ್ದಿ ಸರಿಸಿ ಅದೇ ಮೊಬೈಲಿನಲ್ಲಿ ತನ್ನ ಆಟ ತೆರೆದ. ಅದೂ ಪಾತ್ರ ಕಟ್ಟಿಕೊಂಡು ಆಡುವಂಥದೇ.

1974ರಲ್ಲಿ ಅಮೆರಿಕದಲ್ಲಿ ಬಂದ ಇಂಥದೇ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿ ಕಾಗದ, ದಾಳಗಳೇ ಸಾಮಾನು; ಪಾತ್ರದ ರೂಪವನ್ನು ಬಾಯಲ್ಲಿ ಹೇಳಿದರೆ ಆಯಿತು. ಇವನ ಆಟದಲ್ಲಿ ಹುಬ್ಬು, ದವಡೆ, ಕಣ್ಣಿನ ಬಣ್ಣ ಎಲ್ಲಕ್ಕೂ ಬೆರಳಿನಿಂದ ಎಳೆಯುವ ಗೆರೆ.

“ಮಾಮಾ, ಮೂಗು ಇನ್ನೊಂಚೂರು ಚೂಪ ಮಾಡ್ಲ್ಯಾ?”

ಮೂಗಿಗೆ ಬಹಳ ಹೊತ್ತು ಹಿಡಿಯಿತು. ಮೈಬಣ್ಣವನ್ನು ಯೋಚಿಸದೆ ತನಗಿಂತ ಬೆಳ್ಳಗೆ ಇಟ್ಟ. ಆಟ ಶುರುವಾದ ಮೇಲೆ ನೋಡಿದರೆ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ! ಅಷ್ಟು ತಿದ್ದಿದ ಮೂಗು ಅವನಿಗೇ ಕಾಣದು. ಕಾಣುವುದು ಅಂಗಿ. ಚೆಂದದ ಅಂಗಿಗೆ ರೊಕ್ಕ.

ಬಯಲಾಟದವರಿಗೆ ಮುಖ ಆರಿಸುವ ಸ್ವಾತಂತ್ರ್ಯವಿರಲಿಲ್ಲ. ಪಾತ್ರಕ್ಕೆ ಮುಖ ಮೊದಲೇ ಗೊತ್ತಾಗಿರುತ್ತಿತ್ತು. ಅದನ್ನು ಪರಂಪರೆ ಎಂದು ಹೊಗಳುವವರು ನಮ್ಮ ಓಣಿಯ ದ್ರೌಪದಿಯನ್ನು ಕಂಡಿಲ್ಲ. ಪಾತ್ರ ಬಿಟ್ಟು, ಮದುವೆಯಾಗಿ, ಮೊಮ್ಮಕ್ಕಳಾದರೂ ಸಂತೆಯಲ್ಲಿ ಅವನನ್ನು ಕೂಗುತ್ತಿದ್ದುದು ಆ ಹೆಸರಿನಿಂದಲೇ. ಅಕ್ಕನ ಮಗ ಮೊನ್ನೆ ಒಬ್ಬ ಹೆಣ್ಣು ಬಿಲ್ಲುಗಾತಿಯನ್ನು ಮಾಡಿಕೊಂಡು ಆಡುತ್ತಿದ್ದ. ಪಕ್ಕದಲ್ಲಿ ಕೂತ ಗೆಳೆಯರು ಆ ಬಿಲ್ಲು ಎಷ್ಟಕ್ಕೆ ಬಂತು ಎಂದಷ್ಟೇ ಕೇಳಿದರು.