ಎರಡೂವರೆ ಕೋಟಿ ಮತ್ತು ಒಂದು ಮೊಣಕಾಲು

ಇಳಕಲ್ಲಿನಲ್ಲಿ ಮೊಣಕಾಲಿಗೆ ಮರ್ಯಾದೆ ಸಿಗುವುದು ಅದು ನೋಯತೊಡಗಿದ ಮೇಲೆಯೇ. ಅಲ್ಲಿಯವರೆಗೆ ಅದು ಕುಣಿಮಗ್ಗದ ಕುಣಿಯೊಳಗೆ ಇಳಿಬಿದ್ದು, ಯಾರ ಕಣ್ಣಿಗೂ ಬೀಳದೆ ತುಳಿಹಲಗೆ ಒತ್ತುತ್ತಿರುತ್ತದೆ. ಸೀರೆ ಕೊಳ್ಳಲು ಬಂದವರು ಕೆಂಪು ಸೆರಗಿನ ತೋಪುತೆನೆ ನೋಡುತ್ತಾರೆ, ಗೋಮಿ ದಡಿ ಮುಟ್ಟುತ್ತಾರೆ, ರೇಟಿಗಾಗಿ ಜಗ್ಗಾಡುತ್ತಾರೆ. ಕುಣಿಯೊಳಗೆ ಇಣುಕಿದವರನ್ನು ಮಾತ್ರ ನಾನು ಕಂಡಿಲ್ಲ.

ನಮ್ಮವ್ವನ ಮೊಣಕಾಲುಗಳು ಈಗ ಆ ಮರ್ಯಾದೆಯ ಹಂತ ತಲುಪಿವೆ. ಎಕ್ಕದ ಎಲೆಯ ಶಾಖ ಆಯಿತು, ನಾಲ್ಕು ನಮೂನೆಯ ಎಣ್ಣೆ ಆಯಿತು, ಚಹಾ ಕುಡಿಯಲು ಬಂದ ಬೀಗರೆಲ್ಲ ಒಂದೊಂದು ಔಷಧ ಹೇಳಿ ಹೋಗಿದ್ದೂ ಆಯಿತು. ಅವರಲ್ಲೊಬ್ಬರು, ‘ಬೆಂಗಳೂರಾಗ ಮನಷ್ಯಾರ ಜೀವಕೋಶ ಬೆಳಸಿ ಮೊಣಕಾಲಾಗ ಚುಚ್ತಾರಂತ’ ಎಂದು ಬಾಂಬು ಹಾಕಿದರು. ಅಂದೇ ರಾತ್ರಿ ಫೋನು: ‘ನೀ ಬೆಂಗಳೂರಾಗಿದ್ದು ಏನ್ ಮಾಡ್ತಿ? ಹೋಗಿ ತಿಳ್ಕೊಂಡ್ ಬಾ.’

ತಿಳಿದುಕೊಂಡೆ. ಬೀಗರ ಮಾತು ಅಪರೂಪಕ್ಕೆ ನಿಜವಾಗಿತ್ತು. ಮಣಿಪಾಲ ಸಮೂಹದ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ 2006ರಲ್ಲಿ ಹುಟ್ಟಿದ್ದು. ಆರೋಗ್ಯವಂತ ದಾನಿಗಳ ಎಲುಬಿನ ಮಜ್ಜೆಯಿಂದ ಆಕರಕೋಶ, ಅಂದರೆ ಸ್ಟೆಮ್ ಸೆಲ್‌ಗಳನ್ನು ತೆಗೆದು, ಬೇರೆ ಬೇರೆ ದಾನಿಗಳದ್ದನ್ನು ಕೂಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ ಔಷಧ ಮಾಡುತ್ತಾರೆ. 2016ರಲ್ಲಿ ಅದಕ್ಕೆ ಷರತ್ತಿನ ಮೇಲೆ ಮೊದಲ ಒಪ್ಪಿಗೆ ಸಿಕ್ಕಿದ್ದು ಬರ್ಜರ್ ಕಾಯಿಲೆಗೆ. ಬೀಡಿ, ಸಿಗರೇಟು, ತಂಬಾಕಿನ ಸಹವಾಸದಿಂದ ಕೈಕಾಲಿನ ರಕ್ತನಾಳ ಕಟ್ಟಿ, ಬೆರಳು ಕೊಳೆಯುವ ಕಾಯಿಲೆ ಅದು. ನಮ್ಮೂರಲ್ಲಿ ಇದಕ್ಕೆ ಬೇರೆಯದೇ ಮದ್ದಿತ್ತು. ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಬಂದು, ಕಾಳು-ಕಾಸು ಬಿಟ್ಟು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1 ಈಗ ನಾಡಿಗೆಲ್ಲ ವ್ಯಸನಮುಕ್ತ ದಿನ. ಜೋಳಿಗೆಗೆ ಬೀಡಿ ಹಾಕಿದವರು ಪುಕ್ಕಟೆ ಪಾರಾದರು. ಹಾಕದವರಿಗೆ ಬೆಂಗಳೂರಿನ ಸೂಜಿ.

ಮೊಣಕಾಲಿನ ಸರದಿ ಬಂದದ್ದು 2022ರಲ್ಲಿ. ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ, ಆಲ್ಕೆಮ್ ಕಂಪನಿಯ ಮೂಲಕ. ಒಂದು ಮೊಣಕಾಲಿಗೆ ಒಂದೇ ಚುಚ್ಚುಮದ್ದು. ಅದರಲ್ಲಿ ಎರಡೂವರೆ ಕೋಟಿ ಕೋಶ.

‘ಎರಡೂವರಿ ಕೋಟಿ!’ ಅವ್ವ ಫೋನಿನಲ್ಲೇ ಕುಸಿದು ಕೂತಳು. ರೊಕ್ಕವೆಂದು ತಿಳಿದಿರಬೇಕು. ಸಮಾಧಾನ ಮಾಡಿ ಲೆಕ್ಕ ಹೇಳಿದೆ: ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕು. ಹೀಗೆ 25 ಸಲ ಇಮ್ಮಡಿಯಾದರೆ 3,35,54,432. ‘ಹಂಗಾರ ಒಂದು ಕೋಶ ಕಳಸ್ಲಿ, ಉಳಿದದ್ದು ನಾನಾ ಬೆಳಸ್ಕೊಂತೀನಿ’ ಎಂದಳು.

ಬೆಳೆಸುವುದು ಅಷ್ಟು ಸಸಾರವಲ್ಲ. ಈ ಕೋಶಗಳಿಗೆ ಅಂಟಿ ಕೂರಲು ನೆಲ ಬೇಕು. ಅದಕ್ಕೇ ಹತ್ತು ಅಂತಸ್ತಿನ ಪ್ಲಾಸ್ಟಿಕ್ ತಟ್ಟೆಗಳಿರುತ್ತವೆ. 37 ಡಿಗ್ರಿ ಬಿಸಿ, ಗಾಳಿಯಲ್ಲಿ ಶೇಕಡಾ 5 ಇಂಗಾಲದ ಡೈಆಕ್ಸೈಡ್, ಹೊತ್ತುಹೊತ್ತಿಗೆ ಹೊಸ ಪೋಷಕ ದ್ರವ. ತಟ್ಟೆ ತುಂಬುತ್ತ ಬಂದಂತೆ ಬೆಳವಣಿಗೆ ಮಂದವಾಗುತ್ತದೆ. ಆಗ ಕಿಣ್ವ ಹಾಕಿ ಬಿಡಿಸಿ, ಪಾಲು ಮಾಡಿ, ಹೊಸ ತಟ್ಟೆಗಳಲ್ಲಿ ಒಕ್ಕಲು ಕೂರಿಸಬೇಕು. ಬೆಳೆದ ಮೇಲೆ ದ್ರವ ಸಾರಜನಕದ ಚಳಿಯಲ್ಲಿ ಮಲಗಿಸಬೇಕು. ಆ ದ್ರವ ಕುದಿಯುವುದೇ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಏಪ್ರಿಲ್ ತಿಂಗಳಲ್ಲಿ ಇಳಕಲ್ಲಿನ ಕರೆಂಟು ನಂಬಿ ಇದನ್ನು ಮಾಡುವುದು ಬೇಡವೆಂದು ಅವ್ವನೂ ಒಪ್ಪಿದಳು.

ಆದರೆ ಅವಳಿಗೆ ಪಕ್ಕನೆ ಹೊಳೆದದ್ದು, ನಾನು ತಡಕಾಡುತ್ತಿದ್ದ ಪ್ರಶ್ನೆಯೇ. ‘ಕಡೀಕಿಂದು ಮೊದಲಿನದರಂಗ ಇರತೈತೇನು?’ ಇರುವುದಿಲ್ಲ, ಅದೇ ತೊಡಕು. ಮಾಮೂಲಿ ಮನುಷ್ಯಕೋಶ ಸುಮಾರು 50 ಸಲ ಇಬ್ಭಾಗವಾದ ಮೇಲೆ ನಿಂತುಬಿಡುತ್ತದೆಂದು ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲೇ ತೋರಿಸಿದ್ದ. ನಿಲ್ಲುವುದಕ್ಕೆ ಬಹಳ ಮೊದಲೇ ಮಜ್ಜೆಯ ಕೋಶ ಉಬ್ಬಿ, ಸೋಮಾರಿಯಾಗಿ, ತನ್ನ ಕಸುಬು ಮರೆಯತೊಡಗುತ್ತದೆ. ಹಾಗಾಗಿ ಸಂಖ್ಯೆ ನೋಡಿ ಸಾಕೆನ್ನುವಂತಿಲ್ಲ. ಪ್ಲಾಸ್ಟಿಕ್ಕಿಗೆ ಅಂಟುತ್ತದೆಯೇ, ಮೈಮೇಲೆ ಇರಬೇಕಾದ ಗುರುತುಗಳಿವೆಯೇ, ಬೇಕೆಂದಾಗ ಎಲುಬು, ಕೊಬ್ಬು, ಮೃದ್ವಸ್ಥಿಯಾಗಬಲ್ಲದೇ ಎಂದು ಪರೀಕ್ಷಿಸುತ್ತಾರೆ. ಇದು ಅವ್ವನಿಗೆ ಹೊಸದಲ್ಲ. ಇಳಕಲ್ ಎಂದು ಯಾರೇ ಸೀರೆ ತಂದರೂ ಅವಳು ಮಡಿಕೆ ಬಿಚ್ಚಿ, ಹತ್ತಿಯ ಒಡಲಿನ ಹಾಸು ರೇಷ್ಮೆ ಸೆರಗಿನ ಹಾಸಿಗೆ ಎಳೆಗೆಳೆ ಕೊಂಡಿ ಹಾಕಿದೆಯೇ ಎಂದು ಬೆರಳಾಡಿಸಿ ನೋಡುತ್ತಾಳೆ. ಪವರ್‌ಲೂಮಿನಲ್ಲಿ ಸರಸರ ಇಮ್ಮಡಿಯಾಗಿ ಬಂದದ್ದಾದರೆ ಮಾತಾಡದೆ ಮಡಚಿಡುತ್ತಾಳೆ.

ಹಾಗಾದರೆ ಈ ಎರಡೂವರೆ ಕೋಟಿ ಒಳಗೆ ಹೋಗಿ ಸವೆದ ಮೃದ್ವಸ್ಥಿಯನ್ನು ಹೊಸದಾಗಿ ನೇಯುತ್ತವೆಯೇ? ಅದೂ ಇಲ್ಲ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ, ಅದಕ್ಕೇ ಅದು ತಾನಾಗಿ ಮಾಯುವುದಿಲ್ಲ. ಹೋದ ಕೋಶಗಳೂ ಬಹುಕಾಲ ಉಳಿಯುವುದಿಲ್ಲ. ಇರುವಷ್ಟು ಹೊತ್ತು ಸಂದೇಶದ ಪ್ರೋಟೀನುಗಳನ್ನು ಸೂಸಿ, ಉರಿಯೂತ ತಗ್ಗಿಸಿ, ನೋವು ಇಳಿಸುತ್ತವೆ. ‘ಅಂದ್ರ ತಾವು ನೇಯಂಗಿಲ್ಲ, ಕುಂತು ಹೇಳ್ತಾವ. ನಮ್ಮ ಸಾವ್ಕಾರ್ರಂಗ’ ಎಂದಳು ಅವ್ವ.

ಫೋನಿಟ್ಟ ಮೇಲೆ ಆ ಲೆಕ್ಕ ನನ್ನನ್ನು ಬಿಡಲಿಲ್ಲ. 25 ಸಲ ಇಮ್ಮಡಿಯಾಗುವುದು ದೊಡ್ಡ ಮಾತಾಯಿತು. ನಮ್ಮ ಮನೆಯಲ್ಲಿ ನೇಕಾರಿಕೆ ಒಂದು ಸಲವೂ ಇಮ್ಮಡಿಯಾಗಲಿಲ್ಲ. ಅಜ್ಜಿಯಿಂದ ಅವ್ವನಿಗೆ ಒಂದಕ್ಕೆ ಒಂದು ಬಂತು. ಅವ್ವನಿಂದ ನನಗೆ ಬರುವಷ್ಟರಲ್ಲಿ ಸೊನ್ನೆ. ನನಗೆ ಕೊಂಡಿ ಹಾಕಲು ಬರುವುದಿಲ್ಲ, ಸ್ಪ್ರೆಡ್‌ಶೀಟ್ ತುಂಬಲು ಬರುತ್ತದೆ. ಮೊಣಕಾಲುಗಳು ಮಾತ್ರ ಹೊಸದರಂತಿವೆ. ನಾನು ಉಬ್ಬಿರುವುದನ್ನೂ ಸೋಮಾರಿಯಾಗಿರುವುದನ್ನೂ ಮನೆಯವರು ದೃಢೀಕರಿಸುತ್ತಾರೆ.

ಕಡೆಗೆ ಅವ್ವನನ್ನು ಒಬ್ಬ ಮೂಳೆತಜ್ಞರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ಆ ಕೋಶದ ಸೂಜಿ ಎರಡು-ಮೂರನೆಯ ದರ್ಜೆಯ ಸವೆತಕ್ಕೆ, ಇದು ನಾಲ್ಕನೆಯದು, ಇನ್ನು ಕೀಲು ಬದಲಿಸುವುದೇ ದಾರಿ ಎಂದರು. ಓದಿನಲ್ಲಿ ನಾನೂ ದಾಟದ ದರ್ಜೆಗಳನ್ನು ತನ್ನ ಮೊಣಕಾಲು ದಾಟಿದ್ದಕ್ಕೆ ಅವ್ವ ಸ್ವಲ್ಪ ಹೆಮ್ಮೆಪಟ್ಟಂತೆಯೇ ಕಂಡಿತು. ಒಂದು ಮಾತ್ರ ಕೇಳಿದಳು: ‘ಹೊಸಾ ಕೀಲು ಹಾಕಿದ ಮ್ಯಾಲ ಕುಣ್ಯಾಗ ಇಳದು ಮಗ್ಗ ತುಳ್ಯಾಕ ಬರತೈತೇನ್ರಿ?’

ವೈದ್ಯರು ನಕ್ಕು, ‘ಇನ್ನೂ ಯಾಕಮ್ಮ ಮಗ್ಗ? ಸಾಕು, ಆರಾಮಾಗಿ ಕೂತಿರಿ’ ಎಂದರು.

‘ಆರಾಮ್ ಕುಂದ್ರಾಕ ಮೊಣಕಾಲು ಯಾಕ ಬೇಕ್ರಿ?’ ಎಂದಳು ಅವ್ವ.