ಗುಡ್ಡದಲ್ಲಿ ಸಿಕ್ಕಿಬಿದ್ದವರನ್ನು ಬೈಯುವ ಮುನ್ನ

ಥಾಣೆ ಬಿಟ್ಟ ಲೋಕಲ್ ಗಾಡಿ ಕಳವಾ ದಾಟಿ ಮುಂಬ್ರಾ ಸಮೀಪಿಸುವಾಗ ಒಂದು ಮಗ್ಗುಲಲ್ಲಿ ಖಾಡಿ, ಇನ್ನೊಂದು ಮಗ್ಗುಲಲ್ಲಿ ಮುಂಬ್ರಾದೇವಿಯ ಗುಡ್ಡ. ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಆ ಬೋಳು ಗುಡ್ಡ ಹಸಿರಾಗಿ, ಮೈಮೇಲೆ ಬಿಳಿ ದಾರದಂತೆ ನೀರು ಇಳಿಯತೊಡಗುತ್ತದೆ. ಡೊಂಬಿವಲಿ, ಕಲ್ಯಾಣದ ಪೂರ್ವ ಭಾಗದಲ್ಲಿರುವವರಿಗೆ ಮನೆಯ ಗಚ್ಚಿಯಿಂದಲೇ ಮಲಂಗಗಡ ಕಾಣುತ್ತದೆ. ಬದಲಾಪುರ ದಾಟಿದರೆ ಚಂದೇರಿ, ನೇರಳ್ ಬಂದರೆ ಪೇಬ್ ಮತ್ತು ಮಾಥೇರಾನ್, ಪನ್ವೇಲ್ ಕಡೆ ಪ್ರಬಳಗಡ ಮತ್ತು ಕಲಾವಂತೀಣ್. ಖಾರ್ಘರಿನ ಬೆನ್ನಿಗೇ ಪಾಂಡವಕಡಾ ಜಲಪಾತ, ಥಾಣೆಯವರಿಗೆ ಯೇವೂರಿನ ಕಾಡು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತದೆ ನಮ್ಮ ಗಾದೆ. ನಮ್ಮ ಈ ಉಪನಗರಗಳಲ್ಲಿ ಬೆಟ್ಟ ದೂರವೂ ಇಲ್ಲ. ಲೋಕಲ್ ಟಿಕೆಟು, ಆಮೇಲೊಂದು ಶೇರ್ ರಿಕ್ಷಾ, ಕೈಯಲ್ಲಿ ನೀರಿನ ಬಾಟಲಿ, ಕಾಲಲ್ಲಿ ಚಪ್ಪಲಿ. ಗುಡ್ಡದ ಬುಡ ಬಂದೇಬಿಟ್ಟಿತು. ಹತ್ತಿರದ ಬೆಟ್ಟ ಇನ್ನೂ ನುಣ್ಣಗೆ ಕಾಣುವುದರಿಂದಲೇ ಮಳೆಗಾಲದ ಸೋಮವಾರಗಳಲ್ಲಿ ಪೇಪರಿನ ಒಳಪುಟದಲ್ಲಿ ಅದೇ ಸುದ್ದಿ ಮತ್ತೆ ಮತ್ತೆ ಬರುತ್ತದೆ: ರವಿವಾರ ಗುಡ್ಡಕ್ಕೆ ಹೋದವರು ಸಿಕ್ಕಿಬಿದ್ದರು, ಅಗ್ನಿಶಾಮಕ ದಳದವರು ಇಳಿಸಿ ತಂದರು.

ಸುದ್ದಿ ಓದಿದ ಕೂಡಲೇ ಡಬ್ಬಿಯಲ್ಲಿ ತೀರ್ಪೂ ಬರುತ್ತದೆ. “ಇವರಿಗೆಲ್ಲ ಬೇಕಿತ್ತಾ?” “ನಮ್ಮ ತೆರಿಗೆ ದುಡ್ಡು ಹಾಳು.” “ಇಳಿಸಿದ ಖರ್ಚನ್ನು ಇವರ ಕೈಯಿಂದಲೇ ವಸೂಲು ಮಾಡಬೇಕು.” ಸಿಕ್ಕಿಬಿದ್ದವರಲ್ಲಿ ಹೆಣ್ಣುಮಕ್ಕಳಿದ್ದರೆ ಇನ್ನೊಂದು ಮಾತು ಜಾಸ್ತಿ: “ಇವರು ಯಾಕೆ ಹೋಗಬೇಕಿತ್ತು?”

ಈ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. 2021ರ ಜುಲೈ 18ರ ರವಿವಾರವನ್ನೇ ನೆನಪಿಸಿಕೊಳ್ಳಿ. ಹಿಂದಿನ ರಾತ್ರಿಯಿಂದ ಸುರಿದ ಮಳೆಗೆ ಚೆಂಬೂರು, ವಿಕ್ರೋಲಿಗಳಲ್ಲಿ ಗೋಡೆ, ಗುಡ್ಡ ಕುಸಿದು ಮಲಗಿದ್ದವರು ಮಲಗಿದ್ದಲ್ಲೇ ಸತ್ತರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅದೇ ದಿನ ಖಾರ್ಘರ್ ಗುಡ್ಡಕ್ಕೆ ತಿರುಗಾಡಲು ಹೋದವರು ಹಳ್ಳ ಉಕ್ಕಿ ಆಚೆ ದಡದಲ್ಲೇ ಉಳಿದರು. ಅಗ್ನಿಶಾಮಕ ದಳದವರು ಇಳಿಸಿ ತಂದದ್ದು 116 ಜನರನ್ನು. ಅದರಲ್ಲಿ 78 ಮಹಿಳೆಯರು, 5 ಮಕ್ಕಳು. ಅದೇ ಖಾರ್ಘರಿನಲ್ಲಿ ಎರಡು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಪಾಂಡವಕಡಾದ ನೀರಿನಲ್ಲಿ ನಾಲ್ವರು ಕಾಲೇಜು ಹುಡುಗಿಯರು ಕೊಚ್ಚಿಹೋಗಿದ್ದರು. ಇಷ್ಟಾದ ಮೇಲೂ ಹೋದರಲ್ಲ ಎಂದು ಯಾರಿಗಾದರೂ ಅನಿಸಿದರೆ ಅದು ತಪ್ಪಲ್ಲ.

ಆದರೆ ಆ 116 ಜನ ಯಾರು? ಒಂದೂವರೆ ವರ್ಷ ಕೊರೊನಾದಿಂದ ಒಂದು ಕೋಣೆ, ಒಂದು ಅಡುಗೆಮನೆಯೊಳಗೆ ಕೂತು ಸಾಕಾಗಿದ್ದವರು ನಾವೆಲ್ಲ. ಮಾಲಿಗೆ ಹೋದರೆ ದುಡ್ಡು, ರಿಸಾರ್ಟಿಗೆ ಹೋದರೆ ಇನ್ನೂ ದುಡ್ಡು. ಮಕ್ಕಳಿಗೆ ಹಸಿರು ತೋರಿಸಲು ಟಿಕೆಟಿಲ್ಲದ ಜಾಗವೆಂದರೆ ಈ ಗುಡ್ಡಗಳೇ. ಹೋಗಬೇಕೆನ್ನುವ ಆಸೆಯಲ್ಲಿ ದೋಷವಿಲ್ಲ. ಅವರಿಗೆ ಗೊತ್ತಿಲ್ಲದೆ ಹೋದದ್ದು ಹಳ್ಳದ ಸ್ವಭಾವ.

ಊರಿನಲ್ಲಿ ಬೆಳೆದ ನಮ್ಮ ಹಿರಿಯರಿಗೆ ಅದು ಗೊತ್ತಿತ್ತು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲೇ ಕಾಲುಸಂಕ ಕಟ್ಟುತ್ತಿದ್ದರು. “ಹಳ್ಳ ಬಂದಿದೆ” ಎಂದರೆ ಶಾಲೆಗೆ ಹೊರಟ ಮಗುವೂ ಈಚೆ ದಡದಲ್ಲೇ ನಿಲ್ಲುತ್ತಿತ್ತು. ನೀರು ಹೇಗೆ ಏರುತ್ತದೋ ಹಾಗೆಯೇ ಇಳಿಯುತ್ತದೆ, ಕೂತು ಕಾಯಬೇಕು ಅಷ್ಟೆ. ಡೊಂಬಿವಲಿಯ ನಾಲ್ಕನೇ ಮಾಳಿಗೆಯಲ್ಲಿ ಹುಟ್ಟಿ ಬೆಳೆದ ಮೊಮ್ಮಗನಿಗೆ ಇದನ್ನು ಹೇಳಿದವರು ಯಾರು? ಬೆಳಗ್ಗೆ ಪಾದ ಮಾತ್ರ ಒದ್ದೆಯಾಗುವಂತೆ ದಾಟಿದ ನೀರು ಮಧ್ಯಾಹ್ನ ಎದೆಮಟ್ಟ ಬಂದಾಗ, ಮನೆಗೆ ಹೊತ್ತಾಯಿತೆಂದು ಕೈಕೈ ಹಿಡಿದು ಇಳಿಯುತ್ತಾನೆ.

ಸಹ್ಯಾದ್ರಿಯ ಮೋಸ ಇಷ್ಟೇ ಅಲ್ಲ. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆದು ಕಾಲುದಾರಿ ಮುಚ್ಚುತ್ತದೆ. ದನ ಓಡಾಡಿದ ಜಾಡೂ ಕೋಟೆಯ ದಾರಿಯೂ ಒಂದೇ ತರಹ ಕಾಣುತ್ತವೆ. ಮಂಜು ಇಳಿದರೆ ಮುಂದಿನವನ ಬೆನ್ನು ಕಾಣುವುದಿಲ್ಲ. ದಾರಿ ತಪ್ಪಿದವರು ನೀರಿನ ಜಾಡು ಹಿಡಿದು ಇಳಿದರೆ ಊರು ಸಿಕ್ಕೀತೆಂದು ನಂಬುತ್ತಾರೆ. ಇಲ್ಲಿಯ ಕಪ್ಪು ಬಂಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದಿರುವುದರಿಂದ ಆ ನೀರು ಹೋಗಿ ನಿಲ್ಲುವುದು ನೂರಾರು ಅಡಿಯ ಕಡಿದಾದ ಅಂಚಿನಲ್ಲಿ. ಮುಂದೆ ಇಳಿಯುವಂತಿಲ್ಲ, ಜಾರುವ ಬಂಡೆಯಲ್ಲಿ ಹಿಂದಕ್ಕೆ ಹತ್ತುವಂತೆಯೂ ಇಲ್ಲ.

ಇನ್ನು ಸಿಕ್ಕಿಬೀಳುವವರೆಲ್ಲ ಚಪ್ಪಲಿ ಹಾಕಿಕೊಂಡು ಹೊರಟವರೇ ಎಂದೂ ಇಲ್ಲ. ಕಲ್ಯಾಣದಿಂದ ಮುರಬಾಡ್, ಮಾಳಶೇಜ್ ಘಾಟಿನ ದಾರಿ ಹಿಡಿದರೆ ಹರಿಶ್ಚಂದ್ರಗಡ. 2018ರ ನವೆಂಬರಿನಲ್ಲಿ ಕಲ್ಯಾಣದ ತಂಡವೊಂದು ಹಗ್ಗ, ಸಲಕರಣೆ ಎಲ್ಲ ಇಟ್ಟುಕೊಂಡೇ ಅಲ್ಲಿಯ ಕೊಂಕಣಕಡಾ ಇಳಿಯುತ್ತಾ ಕತ್ತಲಾಗಿ ಸಿಕ್ಕಿಬಿತ್ತು. ಮರುದಿನ ಅವರನ್ನು ಸುರಕ್ಷಿತವಾಗಿ ಇಳಿಸಿದರು. 2023ರ ಆಗಸ್ಟಿನಲ್ಲಿ ಪುಣೆಯಿಂದ ಬಂದ ಆರು ಮಂದಿ ಅದೇ ಗಡದ ಮಳೆ, ಮಂಜಿನಲ್ಲಿ ದಾರಿ ತಪ್ಪಿದರು. ಐವರು ಬದುಕಿ ಬಂದರು, ಒಬ್ಬ ಚಳಿಗೆ ತೀರಿಕೊಂಡ. ದಾರಿ ತಪ್ಪಿದ ಗುಡ್ಡದಲ್ಲಿ ಒಂದೊಂದು ಗಂಟೆಯ ಬೆಲೆ ಇಷ್ಟು.

ಇಂಥ ಹೊತ್ತಿನಲ್ಲಿ ಹತ್ತಿಹೋಗುವವರು ಯಾರೆಂದೂ ನೋಡಬೇಕು. ಲೋಣಾವಳೆಯ ಶಿವದುರ್ಗ ಮಿತ್ರ, ಖೋಪೋಲಿಯ ಯಶವಂತಿ ಹೈಕರ್ಸ್ ಮುಂತಾದ ತಂಡಗಳಲ್ಲಿರುವವರು ಸ್ವಯಂಸೇವಕರು. ಹಗಲು ನೌಕರಿ, ಅಂಗಡಿ, ರಾತ್ರಿ ಫೋನು ಬಂದರೆ ಹಗ್ಗ, ಸ್ಟ್ರೆಚರ್ ಹೊತ್ತು ಹೊರಡುವುದು. ಅವರಿಗೂ ಮೊದಲು ಹೋಗುವವರು ಬುಡದ ವಾಡಿಗಳ ಠಾಕರ್, ಕಾತಕರಿ, ಮಹಾದೇವ ಕೋಳಿ ಜನ. ಯಾವ ಬಂಡೆಯ ಹಿಂದೆ ಯಾವ ಜಾಡಿದೆ ಎಂಬುದು ಕತ್ತಲಲ್ಲೂ ಗೊತ್ತಿರುವುದು ಅವರಿಗೆ.

ಗುಡ್ಡ ಹತ್ತಿ ಜೀವ ಉಳಿಸುವ ಕೆಲಸ ಎಷ್ಟು ಕಠಿಣವೆಂಬುದನ್ನು 2023ರ ಜುಲೈ 19ರ ರಾತ್ರಿ ಇರ್ಶಾಳವಾಡಿ ತೋರಿಸಿತು. ಇರ್ಶಾಳಗಡಕ್ಕೆ ಹೋಗುವ ಚಾರಣಿಗರು ಹಾದುಹೋಗುತ್ತಿದ್ದ ಆದಿವಾಸಿ ವಾಡಿ ಅದು. ಗುಡ್ಡ ಕುಸಿದು ವಾಡಿ ಹೂತುಹೋಯಿತು. 27 ಶವ ಸಿಕ್ಕವು, 57 ಮಂದಿ ಸಿಗಲೇ ಇಲ್ಲ. ರಸ್ತೆಯಿಲ್ಲದ ಆ ವಾಡಿಗೆ ಮಳೆ, ಕೆಸರಿನಲ್ಲಿ ನಡೆದೇ ಹತ್ತಬೇಕಿತ್ತು. ಹಾಗೆ ಹತ್ತುತ್ತಲೇ ನವಿಮುಂಬಯಿ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ಪ್ರಾಣ ಬಿಟ್ಟರು. “ತೆರಿಗೆ ದುಡ್ಡು” ಎಂದು ಲೆಕ್ಕ ಹಾಕುವಾಗ ಈ ಲೆಕ್ಕವೂ ನೆನಪಿರಲಿ. ಹುಷಾರಿಲ್ಲದೆ ಹೋದವನು ಪಣಕ್ಕಿಡುವುದು ತನ್ನ ಜೀವವನ್ನು ಮಾತ್ರವಲ್ಲ.

ಹಾಗಾದರೆ ದಂಡ ಹಾಕೋಣವೇ? ಕೇರಳದಲ್ಲಿ ಇದರ ಎರಡೂ ಮುಖ ಕಂಡಿತು. 2022ರ ಫೆಬ್ರವರಿಯಲ್ಲಿ ಮಲಂಪುಳದ ಬೆಟ್ಟದ ಸಂದಿನಲ್ಲಿ ಎರಡು ರಾತ್ರಿ ಸಿಕ್ಕಿಕೊಂಡಿದ್ದ ಯುವಕನನ್ನು ಸೈನಿಕರು ಮೇಲಕ್ಕೆತ್ತಿದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಕೆಲವೇ ದಿನಗಳಲ್ಲಿ ಬೇರೆಯವರೂ ಅದೇ ಬೆಟ್ಟ ಹತ್ತಿದರು. ಚಪ್ಪಾಳೆ ಬೈಗುಳಾಯಿತು, ಅರಣ್ಯ ಇಲಾಖೆ ಆ ಯುವಕನ ಮೇಲೂ ಕೇಸು ಹಾಕಿತು. ಅದೇ ತಿಂಗಳು ನಂದಿಬೆಟ್ಟದಲ್ಲಿ ಸುಮಾರು 300 ಅಡಿ ಕೆಳಗೆ ಜಾರಿ ಬಂಡೆಯ ಮೇಲೆ ಉಳಿದ 19 ವರ್ಷದ ವಿದ್ಯಾರ್ಥಿಯನ್ನು ವಾಯುಸೇನೆಯ ಹೆಲಿಕಾಪ್ಟರು ಎತ್ತಿ ತಂದಿತು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದಾಗ ಕರ್ನಾಟಕದ ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿದರು. ಹೋಗುವ ಮೊದಲೇ ಹೆಸರು ಬರೆಸುವ ಈ ದಾರಿ, ಸಿಕ್ಕಿಬಿದ್ದ ಮೇಲೆ ಬೈಯುವುದಕ್ಕಿಂತ ಎಷ್ಟೋ ವಾಸಿ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಬೇಜವಾಬ್ದಾರಿಯಿಂದ ಸಿಕ್ಕಿಬಿದ್ದವರಿಗೆ ಬಿಲ್ಲು ಕಳಿಸುವ ಕಾನೂನಿದೆ. ಆದರೆ ಅಲ್ಲಿಯ ಪರ್ವತ ರಕ್ಷಣಾ ಸ್ವಯಂಸೇವಕರ ಸಂಘ ಹಣ ವಸೂಲಿಯನ್ನು ಒಪ್ಪುವುದಿಲ್ಲ. ಬಿಲ್ಲಿನ ಹೆದರಿಕೆಯಿಂದ ಜನ ಫೋನು ಮಾಡಲು ತಡಮಾಡುತ್ತಾರೆ, ಅಷ್ಟರಲ್ಲಿ ಕತ್ತಲಾಗಿ ಸಿಕ್ಕಿಬಿದ್ದವರಿಗೂ ಹುಡುಕಿ ಹೋಗುವವರಿಗೂ ಅಪಾಯ ಹೆಚ್ಚುತ್ತದೆ ಎಂಬುದು ಅವರ ವಾದ. ನಮ್ಮಲ್ಲಿ ಬಿಲ್ಲಿಗಿಂತ ದೊಡ್ಡ ಹೆದರಿಕೆ ಮರ್ಯಾದೆಯದು. ಪೇಪರಿನಲ್ಲಿ ಹೆಸರು ಬಂದರೆ? ಅಪ್ಪನಿಗೆ ಗೊತ್ತಾದರೆ? ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಹೊರಟ ಹುಡುಗಿ ಸಂಜೆ ಐದಕ್ಕೆ ಮಾಡಬೇಕಾದ ಫೋನನ್ನು ಎಂಟಕ್ಕೆ ಮಾಡುವುದು ಈ ಕಾರಣಕ್ಕೆ. ಸೋಮವಾರ ಡಬ್ಬಿಯಲ್ಲಿ ನಾವು ಆಡುವ ಮಾತು ಮುಂದಿನ ರವಿವಾರ ಗುಡ್ಡ ಹತ್ತುವವರ ಕಿವಿಗೂ ಬಿದ್ದಿರುತ್ತದೆ.

ನಿಷೇಧ ಮುರಿದವರಿಗೆ ದಂಡ ಬೀಳಲಿ, ಆದರೆ ಕೆಳಗಿಳಿದು ಬಿಸಿ ಚಹಾ ಕುಡಿದ ಮೇಲೆ ಬೀಳಲಿ. ನಾವು ಹೇಳುವುದನ್ನು ಹೊರಡುವ ಮೊದಲೇ ಹೇಳೋಣ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುವ ನಿಷೇಧಾಜ್ಞೆಯಲ್ಲಿ ಆ ಜಾಗವಿದೆಯೇ ನೋಡಿ. ಯಾವ ಗುಡ್ಡ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಿ. ಬುಡದ ವಾಡಿಯಿಂದ ಒಬ್ಬರನ್ನು ದಾರಿ ತೋರಿಸಲು ಕರೆದುಕೊಂಡು, ಅವರ ದಿನಗೂಲಿ ಚೌಕಾಸಿಯಿಲ್ಲದೆ ಕೊಡಿ. ಬ್ಯಾಟರಿ ದೀಪ, ಸೀಟಿ, ಪವರ್ ಬ್ಯಾಂಕ್ ಜೊತೆಗಿರಲಿ. ದಾರಿ ತಪ್ಪಿತೆಂದು ಅನಿಸಿದ ಕೂಡಲೇ ನಿಲ್ಲಿ, ಬೆಳಕಿರುವಾಗಲೇ 112ಕ್ಕೆ ಕರೆ ಮಾಡಿ, ಸಿಗ್ನಲ್ ಕ್ಷೀಣವಾಗಿದ್ದರೆ ಮನೆಗೆ ಸಂದೇಶ ಕಳಿಸಿ. ಹಳ್ಳ ಬಂದಿದ್ದರೆ ಕೂತು ಕಾಯಿರಿ.

ಮನೆಯಲ್ಲಿ ಹರೆಯದ ಮಕ್ಕಳಿರುವವರು ಇನ್ನೂ ಒಂದು ಮಾತು ಸೇರಿಸಬೇಕು: “ಎಲ್ಲಿ ಸಿಕ್ಕಿಕೊಂಡರೂ ಮೊದಲು ಫೋನು ಮಾಡು, ಬೈಗುಳ ಆಮೇಲೆ ನೋಡಿಕೊಳ್ಳೋಣ.” ಹೀಗೆ ಹೇಳಿಸಿಕೊಂಡು ಹೊರಟ ಮಗು ಐದು ಗಂಟೆಗೇ ಫೋನು ಮಾಡುತ್ತದೆ.