ಮನೆಯಿಲ್ಲದ ಹೆಬ್ಬಾಗಿಲು

ಬಾಗಿಲಿಗೆ ಬೆಲೆ ಬರುವುದು ಅದರ ಹಿಂದಿನ ಮನೆಯಿಂದ. ಮನೆಯೇ ಇಲ್ಲದೆ ಬಾಗಿಲೊಂದೇ ನಿಂತಿದ್ದರೆ ಅದನ್ನು ಏನೆಂದು ಕರೆಯಬೇಕು? ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಪಟ್ಟಣದ ಸಮೀಪ, ಕಾಡಿನ ನಡುವೆ ಇರುವ ಬ್ಯಾಲಿಸ್ಯಾಗರ್ಟ್‌ಮೋರ್ ಎಂಬ ಪಾಳು ದ್ವಾರವನ್ನು ಕಂಡಾಗ ನನ್ನಲ್ಲಿ ಮೂಡಿದ ಪ್ರಶ್ನೆಯಿದು.

ಆ ದೇಶದ ಜಮೀನ್ದಾರರು ತಮ್ಮ ಎಸ್ಟೇಟಿನ ಪ್ರವೇಶದಲ್ಲಿ 'ಗೇಟ್ ಲಾಡ್ಜ್' ಎಂಬ ಚಿಕ್ಕ ಮನೆಯನ್ನು ಕಟ್ಟಿಸುತ್ತಿದ್ದರು. ಕಾವಲುಗಾರನ ಕುಟುಂಬ ಅಲ್ಲಿ ವಾಸವಾಗಿರುತ್ತಿತ್ತು. ಸಾರೋಟು ಬಂದಾಗ ಬಾಗಿಲು ತೆರೆಯುವುದು, ಹೋದ ಮೇಲೆ ಮುಚ್ಚುವುದು ಅವರ ಕಾಯಕ. ಒಳಗಿನ ಬಂಗಲೆ ಕಣ್ಣಿಗೆ ಬೀಳುವ ಮುನ್ನವೇ ಒಡೆಯನ ಅಂತಸ್ತನ್ನು ಸಾರುವುದು ಆ ಕಟ್ಟಡದ ಇನ್ನೊಂದು ಕೆಲಸ.

ಆರ್ಥರ್ ಕೀಲಿ-ಅಷರ್ ಎಂಬ ಜಮೀನ್ದಾರನು 1834ರ ಸುಮಾರಿಗೆ ಇಲ್ಲಿ ಕೋಟೆಯನ್ನು ಹೋಲುವ ಗೋಪುರಗಳ ದ್ವಾರವನ್ನೂ, ಹಳ್ಳದ ಮೇಲೆ ಗೋಪುರಗಳುಳ್ಳ ಸೇತುವೆಯನ್ನೂ ಕಟ್ಟಿಸಿದನು. ಅವನ ಸಹೋದರನಿಗೆ ಸ್ಟ್ರಾಂಕಲಿ ಎಂಬಲ್ಲಿ ಭವ್ಯವಾದ ಸೌಧವಿತ್ತು. ಅದನ್ನು ಮೀರಿಸಬೇಕೆಂದು ಪತ್ನಿ ಹಟ ಹಿಡಿದಳೆಂದು ಜನ ಹೇಳುತ್ತಾರೆ. ದ್ವಾರ, ಸೇತುವೆಗಳು ಮುಗಿಯುವ ವೇಳೆಗೆ ಹಣವೂ ಮುಗಿಯಿತಂತೆ. ಅರಮನೆ ಮೇಲೇಳಲೇ ಇಲ್ಲ. ದಂಪತಿಗಳು ತಮ್ಮ ಹಳೆಯ ಮನೆಯಲ್ಲಿಯೇ ಉಳಿದರು.

ಇಷ್ಟೇ ಆಗಿದ್ದರೆ ಇದೊಂದು ನಗೆಯ ಕಥೆಯಾಗುತ್ತಿತ್ತು. ಆದರೆ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವು ಮತ್ತು ರೋಗಗಳಿಗೆ ಬಲಿಯಾದರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಆ ಕ್ಷಾಮದ ದಿನಗಳಲ್ಲಿ ಇದೇ ಜಮೀನ್ದಾರನು ಗೇಣಿ ಕೊಡಲಾಗದ ರೈತರನ್ನು ಒಕ್ಕಲೆಬ್ಬಿಸಿದನು. ತನ್ನ ದ್ವಾರಕ್ಕೆ ಅರಮನೆಯನ್ನು ಕೂಡಿಸಲಾಗದವನು ಬಡವರ ಗುಡಿಸಲುಗಳನ್ನು ಬರಿದು ಮಾಡಿದನು!

ಆ ಕಮಾನಿನ ಕೆಳಗೆ ನಿಂತಾಗ ಅದರ ಶಿಲ್ಪವನ್ನು ಹೊಗಳಲು ನನಗೆ ಮನಸ್ಸಾಗಲಿಲ್ಲ. ಗೋಡೆಗಳ ಮೇಲೆ ಪಾಚಿ, ಕಿಟಕಿಗಳಲ್ಲಿ ಆಕಾಶ. ಅಲ್ಲಿ ತೆರೆಯುವವರೂ ಇಲ್ಲ, ತಡೆಯುವವರೂ ಇಲ್ಲ. ಒಂದು ಕಾಲದಲ್ಲಿ ಒಡೆಯನ ಸಾರೋಟಿಗೆಂದು ಮೀಸಲಾಗಿದ್ದ ದಾರಿಯಲ್ಲಿ ಇಂದು ಯಾರು ಬೇಕಾದರೂ ನಡೆದು ಹೋಗುತ್ತಾರೆ.

ನಾವಾದರೂ ಬದುಕಿನಲ್ಲಿ ಮೊದಲು ಕಟ್ಟುವುದು ಏನನ್ನು? ಪರರ ಕಣ್ಣು ಕುಕ್ಕುವ ಹೆಬ್ಬಾಗಿಲನ್ನೋ, ಹಸಿದು ಬಂದವರಿಗೆ ಒಂದು ತುತ್ತು ನೀಡಬಲ್ಲ ಮನೆಯನ್ನೋ? ಮತ್ಸರದ ಲೆಕ್ಕದಲ್ಲಿ ಕಟ್ಟಿದ್ದು ಎಷ್ಟು ಎತ್ತರವಾದರೂ ಒಳಗೆ ಬರಿದೇ. ಚಿಕ್ಕ ಬಾಗಿಲಾದರೂ ಸರಿ, ಅದರ ಹಿಂದೆ ಒಲೆ ಉರಿಯುತ್ತಿರಲಿ. ಬಂದವರಿಗೆ ಅದು ತೆರೆದಿರಲಿ.